ಎಲೆಯಂಚು ಸುಡುವುದೇಕೆ?

ಪ್ರಶ್ನೆ: ನಮ್ಮದು ಎರೆಮಣ್ಣು, ಬೋರ್‌ವೆಲ್ ನೀರು ಸವಳು. ದಿನಾ ಸಂಜೆ ನೀರು ಚಿಮುಕಿಸಿದರೂ ದಾಸವಾಳದ ಎಲೆಯಂಚು ಸುಟ್ಟಂತಾಗಿ ಉದುರುತ್ತದೆ. ಹುಲ್ಲುಹಾಸನ್ನೂ ಮಾಡುವ ಆಸೆಯಿದೆ.
– ಓದುಗರು, ರಾಯಚೂರು

ಉತ್ತರ: ಬುಡದ ಮಣ್ಣನ್ನು ನೋಡಿ. ಹೆಂಟೆಗಳ ಮೇಲೆ ಬೂದಿ ಉದುರಿದಂತೆ ಬಿಳಿ ಪುಡಿ ಕಂಡರೆ ಅದು ಉಪ್ಪು. ದಿನಾ ಚಿಮುಕಿಸಿದ ನೀರು ಮೇಲಿನ ಎರಡು ಬೆರಳು ಮಣ್ಣಲ್ಲೇ ಆರಿಹೋಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಎಲೆಯಂಚು ಸುಡುವುದು ಆ ಉಪ್ಪಿನಿಂದಲೇ. ನೀರಿನ ಪ್ರಮಾಣಕ್ಕಿಂತ ಕೊಡುವ ರೀತಿ ಮುಖ್ಯ. ಒಂದು ಗೇಣು ಆಳಕ್ಕೆ ಕೆದಕಿ, ಮಣ್ಣು ಉಂಡೆ ಕಟ್ಟದಷ್ಟು ಒಣಗಿದ್ದರೆ ಮಾತ್ರ ನಿಧಾನವಾಗಿ, ಬೇರಿನಾಳಕ್ಕೆ ಇಳಿಯುವಂತೆ ಕೊಡಿ, ಎಲೆಗೆ ತಾಗಿಸಬೇಡಿ. ಬುಡಕ್ಕೆ 3 ಅಂಗುಲ ಶೇಂಗಾ ಸಿಪ್ಪೆ ಹೊದಿಸಿ, ಕಾಂಡದಿಂದ ನಾಲ್ಕು ಬೆರಳು ದೂರವಿರಲಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಮಳೆಗಾಲದಲ್ಲಿ ಮಾಳಿಗೆ ನೀರನ್ನು ಪಾತಿಗೆ ತಿರುಗಿಸಿ, ಉಪ್ಪು ತೊಳೆದು ಕೆಳಗಿಳಿಯುತ್ತದೆ. ಎರೆಮಣ್ಣಲ್ಲಿ ನೀರು ನಿಲ್ಲುವುದರಿಂದ ಪಾತಿ ಒಂದಡಿ ಎತ್ತರವಿರಲೇಬೇಕು.

ಮಣ್ಣು ಸರಿಪಡಿಸಲು ಹಾಕುವ ಜಿಪ್ಸಮ್ ಪುಡಿಯನ್ನು ಸುಮ್ಮನೆ ಸುರಿಯಬೇಡಿ. ಮಣ್ಣು ಪರೀಕ್ಷೆಯಲ್ಲಿ ಸೋಡಿಯಂ ಹೆಚ್ಚೆಂದು ಬಂದರೆ ಮಾತ್ರ ಅದು ಬೇಕು.

ಹುಲ್ಲುಹಾಸು ಬೇಡವೆಂದೇ ನಮ್ಮ ಸಲಹೆ, ನೀರು ಬಹಳ ಕುಡಿಯುತ್ತದೆ. ಬೇಕೇಬೇಕಾದರೆ ಗರಿಕೆ ಬೆಳೆಸಿ, ಉಪ್ಪು ತಡೆಯುತ್ತದೆ. ಹೊಂಗೆ, ಬೇವು, ಕಾಗದದ ಹೂವೂ ಬಾಳುತ್ತವೆ. ಕಣಗಿಲೆಯೂ ಬಾಳುತ್ತದೆ, ಆದರೆ ಗಿಡವೆಲ್ಲಾ ವಿಷ. ಮಕ್ಕಳು, ದನಕರು ಇರುವ ಮನೆಗೆ ಬೇಡ.