ಪಿ0171 ಕೋಡ್: ಸೆನ್ಸರ್ ಬದಲಿಸುವ ಮುಂಚೆ

ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್, ಪಿ0171 ಕೋಡ್ ಬಂದಿದೆ, ಮೆಕ್ಯಾನಿಕ್ ಆಕ್ಸಿಜನ್ ಸೆನ್ಸರ್ ಬದಲಿಸೋಣ ಅಂತಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ.

ಎಂಜಿನ್‌ನಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತಿದೆ ಅನ್ನುವುದಷ್ಟೇ ಈ ಕೋಡ್‌ನ ಅರ್ಥ. ಬಹಳ ಸಲ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ, ಪಾಪ ಅದನ್ನೇ ಕಿತ್ತು ಬಿಸಾಡುತ್ತಾರೆ.

1 ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಸಾಮಾನ್ಯ ಬಗೆಯ ಆಕ್ಸಿಜನ್ ಸೆನ್ಸರ್ 0.1 ವೋಲ್ಟ್ ಹತ್ತಿರ, ಪೆಟ್ರೋಲ್ ಜಾಸ್ತಿಯಾದರೆ 0.9 ಹತ್ತಿರ ತೋರಿಸುತ್ತದೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದನ್ನು ನೋಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚುಕಮ್ಮಿ ಮಾಡುತ್ತದೆ. ಈ ಹದ ತಪ್ಪಿದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್ ಎರಡನ್ನೂ ಒಟ್ಟಿಗೆ ತಗ್ಗಿಸಲಾರದು.

ಮೊದಲು ಸ್ಕ್ಯಾನರ್‌ನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅಂತ ನೋಡಿಸಿ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಾದರೆ ಇದು ತುಂಬಾ ಉಪಯೋಗ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) +20% ಇದ್ದದ್ದು 2500 ಆರ್‌ಪಿಎಂನಲ್ಲಿ ಸೊನ್ನೆ ಹತ್ತಿರ ಬಂತಾ? ಹಾಗಾದರೆ ಎಲ್ಲೋ ವ್ಯಾಕ್ಯೂಮ್ ಹೋಸ್ (ಎಂಜಿನ್ನಿನ ಗಾಳಿ ದಾರಿಗೆ ಸೇರುವ ರಬ್ಬರ್ ಪೈಪು) ಬಿರುಕು ಬಿಟ್ಟು ಗಾಳಿ ಎಳೆಯುತ್ತಿರಬೇಕು. ಆರ್‌ಪಿಎಂ ಜೊತೆ ಟ್ರಿಮ್ ಕೂಡ ಏರಿದರೆ ಪೆಟ್ರೋಲ್ ಪಂಪಿನ ಪ್ರೆಷರ್ ಚೆಕ್ ಮಾಡಿಸಿ. ಎರಡೂ ರೀಡಿಂಗ್ ಇಲ್ಲಿ ಹಾಕಿ, ನೋಡೋಣ.