ಸ್ವಿಚ್ ಒಂದೇ ಇರಲಿ, ದಾರಿಗಳು ಬೇರೆಯಾಗಲಿ

ಪ್ರಶ್ನೆ: ನಮ್ಮ ಕಟ್ಟಡದ ಎರಡು ಸಂಸ್ಥೆಗಳಿಗೆ ಸೇರಿ ಒಂದೇ ಲೇಯರ್-3 ಸ್ವಿಚ್ (ರೂಟಿಂಗ್ ಕೂಡ ಮಾಡಬಲ್ಲ ಸ್ವಿಚ್) ಇದೆ, ಅದನ್ನು ನೋಡಿಕೊಳ್ಳುವವನು ನಾನು. ಒಬ್ಬರಿಗೆ ವಿಲ್ಯಾನ್ (ಸ್ವಿಚ್ಚಿನೊಳಗಿನ ಪ್ರತ್ಯೇಕ ಜಾಲ) 10, ಇನ್ನೊಬ್ಬರಿಗೆ ವಿಲ್ಯಾನ್ 20. ಇಬ್ಬರೂ ತಮ್ಮ ತಮ್ಮ ವಿಪಿಎನ್ (ಗೂಢಲಿಪಿಯ ಸುರಂಗ) ರೂಟರ್ ಮೂಲಕ ಮುಖ್ಯ ಕಚೇರಿ ತಲುಪುತ್ತಾರೆ. ಆದರೂ ಮೊದಲಿನವರ ಕಂಪ್ಯೂಟರಿನಿಂದ ಎರಡನೆಯವರ ಪ್ರಿಂಟರಿಗೆ ಪಿಂಗ್ ಹೋಗುತ್ತದೆ! ಈಗ ಮೂರನೆಯವರು ಬರುತ್ತಿದ್ದಾರೆ. ಅವರ ವಿಳಾಸಗಳೂ ಮೊದಲಿನವರದ್ದೇ: 192.168.10.0/24. ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ಬರೆದರೆ ಸಾಕೇ?

ಉತ್ತರ: ಸಾಲದು. ಮೂರನೆಯವರು ಬಂದ ದಿನವೇ ನೀವು ಸಿಕ್ಕಿಬೀಳುತ್ತೀರಿ.

ವಿಲ್ಯಾನ್ ತನ್ನ ಕೆಲಸ ಮಾಡಿದೆ. ಒಬ್ಬರ ಬ್ರಾಡ್‌ಕಾಸ್ಟ್ ಇನ್ನೊಬ್ಬರಿಗೆ ಕೇಳಿಸುತ್ತಿಲ್ಲ. ಆದರೆ ಪ್ರತಿ ವಿಲ್ಯಾನ್‌ಗೂ ಸ್ವಿಚ್ಚಿನಲ್ಲೇ ಒಂದು ಐಪಿ ವಿಳಾಸ ಕೊಟ್ಟು ರೂಟಿಂಗ್ ಚಾಲೂ ಮಾಡಿದ್ದೀರಿ. ಅಷ್ಟಾದರೆ ಸ್ವಿಚ್ ಯಾರ ಅಪ್ಪಣೆಗೂ ಕಾಯದೆ ಎರಡೂ ಜಾಲಗಳನ್ನು ತನ್ನ ಒಂದೇ ರೂಟಿಂಗ್ ಟೇಬಲ್‌ನಲ್ಲಿ, ಅಂದರೆ ದಾರಿಗಳ ಪಟ್ಟಿಯಲ್ಲಿ, ಬರೆದುಕೊಳ್ಳುತ್ತದೆ. ಬೇರ್ಪಡಿಸಲೆಂದು ಇಟ್ಟದ್ದೇ ದಾರಿ ತೋರಿಸುತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಪ್ರಿಂಟರ್ ಕಣ್ಣಿಗೆ ಬಿತ್ತು, ಸರಿ. ಎರಡನೆಯವರ ಮುಖ್ಯ ಕಚೇರಿಗೆ ನೀವು ಕೈಯಾರೆ ಬರೆದಿರುವ ದಾರಿ, ಅಂದರೆ ಸ್ಟ್ಯಾಟಿಕ್ ರೂಟ್ ಕೂಡ ಅದೇ ಟೇಬಲ್‌ನಲ್ಲಿದೆ ಎಂಬುದನ್ನು ಗಮನಿಸಿದಿರಾ? ಮೊದಲಿನವರ ಪ್ಯಾಕೆಟ್ ಎರಡನೆಯವರ ವಿಪಿಎನ್ ರೂಟರಿನ ಬಾಗಿಲವರೆಗೂ ಹೋಗಬಲ್ಲದು. ಅಲ್ಲಿಂದ ಉತ್ತರ ಮರಳದೆಯೂ ಇರಬಹುದು. ಆದರೆ ಕಿಡಿಗೇಡಿತನಕ್ಕೆ ಏಕಮುಖ ದಾರಿಯೇ ಧಾರಾಳ.

ಎಸಿಎಲ್ ಇಂದು ಆ ಪಿಂಗ್ ನಿಲ್ಲಿಸುತ್ತದೆ, ನಿಜ. ನಾಳೆ ಯಾರೋ ಹೊಸ ಸಬ್‌ನೆಟ್ ಸೇರಿಸಿ ಪಟ್ಟಿ ತಿದ್ದಲು ಮರೆತರೆ ದಾರಿ ಮತ್ತೆ ತೆರೆಯಿತು. ಜೊತೆಗೆ, ಒಂದೇ ಟೇಬಲ್‌ನಲ್ಲಿ 192.168.10.0 ಎರಡು ಕಡೆ ಇರುವಂತಿಲ್ಲ. ಮೂರನೆಯವರ ಇಂಟರ್‌ಫೇಸಿಗೆ ಆ ವಿಳಾಸ ಕೊಡಲು ಹೋದರೆ ಸ್ವಿಚ್ಚೇ ಒಪ್ಪುವುದಿಲ್ಲ. ಎಸಿಎಲ್ ತಡೆಯಬಲ್ಲದೇ ಹೊರತು ಟೇಬಲ್ ಒಡೆಯಲಾರದು.

ನಿಮಗೆ ಬೇಕಿರುವುದು ವಿಆರ್‌ಎಫ್: ಒಂದೇ ಪೆಟ್ಟಿಗೆಯೊಳಗೆ ಪ್ರತಿಯೊಬ್ಬರಿಗೂ ಸ್ವಂತ ರೂಟಿಂಗ್ ಟೇಬಲ್. ಇದರ ಬಗ್ಗೆ ಹುಡುಕಿದರೆ ಎಂಪಿಎಲ್‌ಎಸ್, ಬಿಜಿಪಿ ಎಂದು ಪುಟಗಟ್ಟಲೆ ಸಿಗುತ್ತದೆ. ಅದು ಅನೇಕ ರೂಟರುಗಳ ನಡುವೆ ಗ್ರಾಹಕರ ದಾರಿಗಳನ್ನು ಸಾಗಿಸುವ ಸೇವಾದಾರ ಕಂಪನಿಗಳ ಲೋಕ. 2006ರ ಆರ್‌ಎಫ್‌ಸಿ 4364 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಹೇಳುವುದು ಅದನ್ನೇ. ಒಂದೇ ಸ್ವಿಚ್ಚಿಗೆ ಅಷ್ಟು ಬೇಕಿಲ್ಲ, ಅವೆರಡೂ ಇಲ್ಲದ ವಿಆರ್‌ಎಫ್-ಲೈಟ್ ಸಾಕು. ಮೂರು ವಿಆರ್‌ಎಫ್ ಮಾಡಿ. ಆಯಾ ಸಂಸ್ಥೆಯ ವಿಲ್ಯಾನ್ ಇಂಟರ್‌ಫೇಸನ್ನೂ ಅವರ ವಿಪಿಎನ್ ರೂಟರಿನ ಕಡೆಗಿನ ಇಂಟರ್‌ಫೇಸನ್ನೂ ಅದರೊಳಗೆ ಹಾಕಿ, ಸ್ಟ್ಯಾಟಿಕ್ ರೂಟ್‌ಗಳನ್ನೂ ಅಲ್ಲಿಗೇ ಸಾಗಿಸಿ. ಕೈ ಹಾಕುವ ಮೊದಲು ವಿಳಾಸಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಸಿಸ್ಕೊ ಸ್ವಿಚ್ಚುಗಳಲ್ಲಿ ಇಂಟರ್‌ಫೇಸನ್ನು ವಿಆರ್‌ಎಫ್‌ಗೆ ಸೇರಿಸಿದೊಡನೆ ಅದರ ಐಪಿ ವಿಳಾಸ ಅಳಿಸಿಹೋಗುತ್ತದೆ. ಅದೇ ವಿಳಾಸದ ಮೂಲಕ ದೂರದಿಂದ ಲಾಗಿನ್ ಆಗಿದ್ದರೆ ಕುಳಿತ ಕೊಂಬೆಯನ್ನೇ ಕಡಿದಂತಾಯಿತು, ಆದ್ದರಿಂದ ಕನ್ಸೋಲ್ ಕೇಬಲ್ ಹಿಡಿದೇ ಕೂರಿ. ಆಮೇಲೆ ಸ್ವಿಚ್ಚಿನಿಂದ ಬರಿದೇ ಪಿಂಗ್ ಕೊಟ್ಟರೆ ಅದು ಸಾಮಾನ್ಯ ಟೇಬಲ್ ನೋಡಿ ಸೋಲುತ್ತದೆ. ಗಾಬರಿ ಬೇಡ, ಆಜ್ಞೆಯಲ್ಲಿ ವಿಆರ್‌ಎಫ್‌ನ ಹೆಸರು ಸೇರಿಸಿ.

ನಿಮ್ಮ ಸ್ವಿಚ್ಚಿಗೆ ವಿಆರ್‌ಎಫ್ ಬಾರದಿದ್ದರೆ ಅದರ ರೂಟಿಂಗ್ ನಿಲ್ಲಿಸಿ, ವಿಲ್ಯಾನ್‌ಗಳನ್ನು ಟ್ರಂಕ್ (ಹಲವು ವಿಲ್ಯಾನ್ ಹೊರುವ ಒಂದೇ ಕೊಂಡಿ) ಮೂಲಕ ಒಂದು ಲಿನಕ್ಸ್ ಯಂತ್ರಕ್ಕೆ ಒಯ್ಯಿರಿ. 2015ರ 4.3 ಕರ್ನೆಲ್‌ನಿಂದ ಅಲ್ಲಿ ವಿಆರ್‌ಎಫ್ ಇದೆ.

ಇನ್ನು ಹೆಚ್ಚಿನವರು ಎಡವುವ ಜಾಗ. ಮೂವರಿಗೂ ಇಂಟರ್ನೆಟ್ ಒಂದೇ ಎಂದುಕೊಳ್ಳೋಣ. ಅದಕ್ಕೊಂದು ಹಂಚಿಕೆಯ ವಿಆರ್‌ಎಫ್ ಮಾಡುತ್ತೀರಿ, ಪ್ರತಿ ಸಂಸ್ಥೆಯ ಡೀಫಾಲ್ಟ್ ರೂಟನ್ನು (ಬೇರೆ ದಾರಿ ಕಾಣದಾಗ ಹಿಡಿಯುವುದನ್ನು) ಅದರತ್ತ ತಿರುಗಿಸುತ್ತೀರಿ, ಉತ್ತರ ಮರಳಲೆಂದು ಅದರಲ್ಲಿ ಎಲ್ಲರ ಜಾಲಗಳಿಗೂ ದಾರಿ ಬರೆಯುತ್ತೀರಿ. ಈಗ ಮೊದಲಿನವರ ಕಂಪ್ಯೂಟರ್ 192.168.20.5ಕ್ಕೆ ಪ್ಯಾಕೆಟ್ ಕಳಿಸಲಿ. ಅವರ ಟೇಬಲ್‌ನಲ್ಲಿ ಆ ಜಾಲವಿಲ್ಲ. ಪ್ಯಾಕೆಟ್ ಡೀಫಾಲ್ಟ್ ಹಿಡಿದು ಹಂಚಿಕೆಯ ವಿಆರ್‌ಎಫ್‌ಗೆ ಬರುತ್ತದೆ. ಅಲ್ಲಿ 192.168.20.0ಕ್ಕೆ ದಾರಿ ಸಿದ್ಧವಾಗಿದೆ! ಮುಂಬಾಗಿಲು ಮುಚ್ಚಿದ ಪ್ಯಾಕೆಟ್ ಹಿತ್ತಿಲಿನಿಂದ ಒಳಬಂದಿತು, ಉತ್ತರವೂ ಅದೇ ಹಾದಿಯಲ್ಲಿ ಮರಳುತ್ತದೆ. ಮೂರು ಟೇಬಲ್‌ಗಳನ್ನು ಪ್ರತ್ಯೇಕವಾಗಿ ಎಷ್ಟು ದಿಟ್ಟಿಸಿದರೂ ಈ ಕಿಂಡಿ ಕಾಣುವುದಿಲ್ಲ.

ಮದ್ದು ಸರಳ. ಪ್ರತಿ ಸಂಸ್ಥೆಯ ವಿಆರ್‌ಎಫ್‌ನಲ್ಲೂ 10.0.0.0/8, 172.16.0.0/12, 192.168.0.0/16 ಈ ಮೂರೂ ಖಾಸಗಿ ವಿಳಾಸ ಗುಂಪುಗಳಿಗೆ ನಲ್ ರೂಟ್ (ಪ್ಯಾಕೆಟ್ಟನ್ನು ಎಸೆದುಬಿಡುವ ದಾರಿ) ಬರೆಯಿರಿ. ಅವರವರ ಸ್ವಂತ ಜಾಲಗಳಿಗೆ ಧಕ್ಕೆಯಿಲ್ಲ, ಏಕೆಂದರೆ ಹೆಚ್ಚು ನಿರ್ದಿಷ್ಟವಾದ ರೂಟ್ ಯಾವಾಗಲೂ ಗೆಲ್ಲುತ್ತದೆ. ಉಳಿದದ್ದೆಲ್ಲ ಆ ಟೇಬಲ್‌ನಲ್ಲೇ ಸಾಯುತ್ತದೆ. ಎಲ್ಲರಿಗೂ ಸೇರಿದ ಡಿಎನ್‌ಎಸ್ ಸರ್ವರ್ ಖಾಸಗಿ ವಿಳಾಸದಲ್ಲಿದ್ದರೆ ಅದೊಂದಕ್ಕೆ ಮಾತ್ರ /32 (ಒಂದೇ ವಿಳಾಸದ) ರೂಟ್ ಕೊಡಿ. ಮೊದಲಿನವರ ಮತ್ತು ಮೂರನೆಯವರ ವಿಳಾಸ ಒಂದೇ ಆದ್ದರಿಂದ ಹಂಚಿಕೆಯ ಟೇಬಲ್‌ಗೆ ಅವರು ಹಾಗೆಯೇ ಬರುವಂತಿಲ್ಲ. ಅದಕ್ಕೆ ಮುನ್ನ ಇಬ್ಬರಿಗೂ ನ್ಯಾಟ್ (ವಿಳಾಸ ಬದಲಾವಣೆ) ಮಾಡಿ ಬೇರೆ ಬೇರೆ ವಿಳಾಸ ಕೊಡಬೇಕು. ಆ ಕೆಲಸ ಫೈರ್‌ವಾಲ್‌ಗೆ ಬಿಡಿ. ಅನೇಕ ಸ್ವಿಚ್ಚುಗಳಿಗೆ ನ್ಯಾಟ್ ಬರುವುದೇ ಇಲ್ಲ.

ಪ್ರಶ್ನೆ: ವಿಆರ್‌ಎಫ್ ಹಾಕಿದರೆ ಮಾಹಿತಿ ಗೂಢಲಿಪಿಯಾಗುತ್ತದೆಯೇ?

ಉತ್ತರ: ಇಲ್ಲ. ಗೂಢಲಿಪಿ ವಿಪಿಎನ್ ಸುರಂಗದ ಕೆಲಸ, ಅದು ಶುರುವಾಗುವುದು ವಿಪಿಎನ್ ರೂಟರಿನಿಂದ ಆಚೆಗೆ. ಸ್ವಿಚ್ಚಿನೊಳಗೆ ವಿಆರ್‌ಎಫ್ ಇದ್ದರೂ ಇಲ್ಲದಿದ್ದರೂ ಪ್ಯಾಕೆಟ್‌ಗಳು ಬಂದ ಹಾಗೆಯೇ ಹಾದುಹೋಗುತ್ತವೆ. ಪೋರ್ಟ್ ಮಿರರಿಂಗ್ (ಒಂದು ಪೋರ್ಟಿನ ಪ್ಯಾಕೆಟ್‌ಗಳ ನಕಲನ್ನು ಇನ್ನೊಂದಕ್ಕೆ ಕಳಿಸುವುದು) ಹಾಕುವ ಅಧಿಕಾರವಿರುವವರು ಅವುಗಳನ್ನು ನೋಡಬಲ್ಲರು. ಹಾಗಾಗಿ ನಿರ್ವಹಣೆಯ ಲಾಗಿನ್ ಮೂವರು ಬಾಡಿಗೆದಾರರ ಯಾವ ವಿಆರ್‌ಎಫ್‌ನಿಂದಲೂ ತಲುಪದಂತೆ ಅದಕ್ಕೊಂದು ಪ್ರತ್ಯೇಕ ವಿಆರ್‌ಎಫ್ ಇಡಿ.