ಕಥೆ ಬರೆಯುದಾ, ಮನವಿ ಕೊಡುದಾ?

ಕಥೆ ಕಾದಂಬರಿಯಿಂದ ಯಾವ ಸಮಸ್ಯೆ ಪರಿಹಾರ ಆಗಿದೆ, ನಮ್ಮೂರಿನ ಕಾಲುಸಂಕಕ್ಕೆ (ತೋಡು ದಾಟುವ ಕಿರುಸೇತುವೆ) ಗ್ರಾಮಸಭೇಲಿ ಒಂದು ಮನವಿ ಕೊಡುದೇ ಮೇಲಲ್ವಾ ಅಂತ ಕೇಳಿದ್ದೀರಿ. ಮನವಿ ಕೊಡಿ ಮಾರಾಯ್ರೆ, ಬೇಡ ಅಂತ ಯಾರು ಹೇಳಿದ್ದು. ಆದ್ರೆ ವಿಧವೆಯರ ಮರುಮದುವೆಗೆ ಕಾನೂನು ಬಂದದ್ದು 1856ರಲ್ಲಿ, ವಿಧವೆಯ ಮರುಮದುವೆಯ ಕಥೆ ಹೇಳುವ ಗುಲ್ವಾಡಿ ವೆಂಕಟರಾಯರ ಕಾದಂಬರಿ ‘ಇಂದಿರಾಬಾಯಿ’ ಮಂಗಳೂರಲ್ಲಿ ಅಚ್ಚಾದದ್ದು 1899ರಲ್ಲಿ, ಅಂದ್ರೆ ಕಾನೂನು ಇದ್ದೂ ಮನೆಯೊಳಗೆ ಹೆಚ್ಚೇನೂ ಬದಲಾಗಿರ್ಲಿಲ್ಲ.

ಕಾರಂತರ ‘ಚೋಮನ ದುಡಿ’ ಉಲ್ಟಾ. ಪುಸ್ತಕ 1933, ಉಳುವವನೇ ಹೊಲದೊಡೆಯ ಅಂತ ಗಟ್ಟಿಯಾಗಿ ಜಾರಿಯಾದದ್ದು 1974. ಕಾದಂಬರಿಯಿಂದಲೇ ಕಾನೂನು ಬಂತು ಅಂತ ನಾನು ಹೇಳುದಿಲ್ಲ, ಅದು ಚಪ್ಪಾಳೆಗೆ ಹೇಳುವ ಮಾತು. ಆದ್ರೆ ಆ ಕಾನೂನಲ್ಲಿ ಭೂಮಿ ಸಿಕ್ಕಿದ್ದು ಮುಖ್ಯವಾಗಿ ಗೇಣಿದಾರರಿಗೆ, ಡಿಕ್ಲರೇಶನ್ ಕೊಟ್ಟು ನಾನೇ ಗೇಣಿಗೆ ಮಾಡ್ತಾ ಇದ್ದದ್ದು ಅಂತ ತೋರಿಸ್ಬೇಕಿತ್ತು. ಚೋಮ ಗೇಣಿದಾರನೇ ಅಲ್ಲ, ಧಣಿಯ ಮೂಲದಾಳು, ಅಂದ್ರೆ ತಲೆತಲಾಂತರದಿಂದ ಜೀತಕ್ಕಿದ್ದವ. ಎರಡು ಎತ್ತು ಉಂಟು, ಉಳ್ಲಿಕ್ಕೆ ಗದ್ದೆ ಇಲ್ಲ, ಧಣಿಗೆ ಮನಸ್ಸು ಬಂದ್ರೂ ಅವರ ತಾಯಿ ಬಿಡುದಿಲ್ಲ. 1974ರಲ್ಲಿ ಇದ್ದಿದ್ರೂ ಅವ ಆ ಫಾರ್ಮಲ್ಲಿ ಎಂತ ಅಂತ ತುಂಬಿಸ್ಬೇಕಿತ್ತು? (ಗೇಣಿ ಚೀಟಿ ಇದ್ದವರೇ ಭೂನ್ಯಾಯ ಮಂಡಳಿಗೆ ಅಲೆದು ಸುಸ್ತಾದವರಿದ್ದಾರೆ, ಊರಿನ ಅಜ್ಜಂದಿರನ್ನ ಕೇಳಿ.)

ಹಾಗಾಗಿ ಮನವಿ ಬರೆಯುವವರೇ ಇಂತದ್ದನ್ನ ಮೊದಲು ಓದ್ಬೇಕು, ಲಿಸ್ಟಲ್ಲಿ ಯಾರು ಬಿಟ್ಟು ಹೋಗ್ತಾರೆ ಅಂತ ಗೊತ್ತಾಗ್ಲಿಕ್ಕೆ. ನಿಮ್ಮ ಮನವಿಯಲ್ಲೂ ‘ಸಾರ್ವಜನಿಕರಿಗೆ ತೊಂದರೆ’ ಅಂತ ಒಂದೇ ಸಾಲು ಹಾಕ್ಬೇಡಿ, ಆಟಿ ತಿಂಗಳ ಮಳೆಗೆ ಯಾವ ಮನೆಯ ಮಕ್ಕಳು ಆ ತೋಡು ದಾಟುದು, ಯಾರು ಕೈಹಿಡಿದು ದಾಟಿಸುದು ಅಂತ ಬರೀರಿ, ಒಂದು ಫೋಟೋನೂ ಅಂಟಿಸಿ.